ಮೀಸಲು ಕಟ್ಟಿದ ಲೆಕ್ಕದ ಪುಸ್ತಕ

ಬಿ.ದುರ್ಗ
ಗುರುವಾರ, ಏಪ್ರಿಲ್ ೧೭

ಚಿತ್ರದುರ್ಗದ ಹಾಸ್ಟೆಲಿನಲ್ಲಿ ಕೂತು ನನ್ನನ್ನು ಬೈದುಕೊಳ್ಳುತ್ತಿರುವ ರಂಜಿತಾಳಿಗೆ, ಪಾಠ ಒಪ್ಪಿಸದ ನಿನ್ನ ಅವ್ವನ ನೆನಪುಗಳು.

ನಿನ್ನ ಕಾಗದ ಸೋಮವಾರ ಬಂತು. ಹೋದ ಸಲ ನಾನು ಬರೆದದ್ದನ್ನೆಲ್ಲ ಎಂದಿನಂತೆ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸಿದ್ದೀಯ. ಈ ಸಲ ಕೆಂಪು ಸ್ವಲ್ಪ ಜಾಸ್ತಿಯೇ ಇತ್ತು. ನರ್ಸಿಂಗಿಗೆ ಸೇರುವ ಮುಂಚೆ ನೀನು ಹೇಳಿದ್ದು ನೆನಪಿದೆ. "ಪರೀಕ್ಷೇಲಿ ಮೂರು ಗಂಟೆ ಕುಂತು ಬರೀಬೇಕು ಕಣವ್ವ, ನಿನ್ನ ಕೈ ಮರಗಟ್ಟೈತೆ, ವಾರಕ್ಕೊಂದು ಕಾಗದ ಬರಿ" ಅಂದಿದ್ದೆ. ನೀನು ಹೇಳಿದ ನೂರೆಂಟರಲ್ಲಿ ನಾನು ಇವತ್ತಿಗೂ ತಪ್ಪಿಸದೆ ಮಾಡುತ್ತಿರುವುದು ಇದೊಂದೇ. ಕಾಗದವೇ ವಾಸಿ ಕೂಡ. ನಮ್ಮ ಮನೆಯ ಫೋನು ನಿನಗೆ ಗೊತ್ತಲ್ಲ, ಸ್ಪೀಕರ್ ಹಾಕದಿದ್ದರೆ ಕೇಳಿಸುವುದಿಲ್ಲ, ಹಾಕಿದರೆ ಬೀದಿಗೆಲ್ಲ ಕೇಳಿಸುತ್ತದೆ.

ಕೊನೆಯಲ್ಲಿ ನೀನು ಒಂದೇ ಮಾತು ಬರೆದಿದ್ದೆ. ಈ ವರ್ಷದ ಎಸ್ಸೆಸ್ಸೆಲ್ಸಿ ಎರಡನೇ ಪರೀಕ್ಷೆಗೆ ಫಾರಂ ತುಂಬುತ್ತೀಯೋ ಇಲ್ಲವೋ, ಅದೊಂದು ಹೇಳು ಸಾಕು, ಬೇರೆ ಪುರಾಣ ಬೇಡ ಅಂತ. ಶನಿವಾರವೇ ಕಡೆಯ ದಿನ. ಹೊಳಲ್ಕೆರೆಯ ಶಾಲೆಗೆ ನಾನೇ ಹೋಗಿ ಸಹಿ ಹಾಕಿ ಕೊಡಬೇಕು. ಆದರೆ ಹೂಂ ಅನ್ನಲಿಕ್ಕೂ ಉಹೂಂ ಅನ್ನಲಿಕ್ಕೂ ಬಾಯಿ ಬರುತ್ತಿಲ್ಲ. ಅದಕ್ಕೇ ನೀನು ಬೇಡ ಅಂದ ಪುರಾಣವನ್ನೇ ಬರೆಯುತ್ತಿದ್ದೇನೆ, ಸ್ವಲ್ಪ ಸಹಿಸಿಕೋ.

ಮೊದಲು ಒಂದು ಮಾತು. ಅಜ್ಜಿಯ ಮೇಲೆ ಸಿಟ್ಟು ಸಾಕು ಮಾಡು. ಮೂರು ಭಾನುವಾರವಾಯಿತು, ಫೋನಿನಲ್ಲಿ ಅಜ್ಜಿಗೆ ಕೊಡು ಅಂತ ನೀನು ಕೇಳಿಲ್ಲ. ಹತ್ತು ಗಂಟೆಯಾಗುತ್ತಿದ್ದಂತೆ ಅವಳು ಸೆರಗು ಸರಿಮಾಡಿಕೊಂಡು ಬಂದು ಫೋನಿನ ಪಕ್ಕ ಕೂರುತ್ತಾಳೆ. ನೀನು ನನ್ನ ಜೊತೆ ಮಾತಾಡಿ ಇಟ್ಟುಬಿಡುತ್ತೀಯ. "ಕೂಸಿಗೆ ಕೆಲ್ಸ ಐತೇನೋ" ಅಂದುಕೊಂಡು ಎದ್ದು ಹೋಗುತ್ತಾಳೆ. ಅದನ್ನು ನೋಡಿಕೊಂಡು ಕೂರುವುದು ನನಗೆ ಕಷ್ಟವಾಗುತ್ತಿದೆ.

ಈ ಮೀಸಲಿನ ಕಥೆ ನಿನಗೆ ಅರ್ಧ ಗೊತ್ತು. ಮೊದಲ ಸಲ ಪರೀಕ್ಷೆ ಕಟ್ಟಿದಾಗ ಉಳಿದದ್ದೆಲ್ಲ ಪಾಸಾಗಿ ಲೆಕ್ಕ ಒಂದರಲ್ಲಿ ಹತ್ತೊಂಬತ್ತು ಬಂದಿತ್ತಲ್ಲ, ಆಗ ಮನೆಯಲ್ಲಿ ನನಗೆ ಓದುವ ಹೊತ್ತು ಅಂತ ಒಂದು ಇರಲೇ ಇಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡಿ, ಮೂಗು ಒರೆಸಿ, ಪಾತ್ರೆ ತೊಳೆದು ಮನೆಗೆ ಬಂದು ಪುಸ್ತಕ ತೆಗೆದರೆ ಸಾಕು, ಕುರಿಮರಿಗೆ ಸೊಪ್ಪು ಹಾಕಿದೆಯಾ, ನೀರು ಬಂತಾ, ಒಲೆ ಹಚ್ಚಿದೆಯಾ. ಮೂವತ್ತೊಂಬತ್ತು ವರ್ಷದ ಸೊಸೆ ತ್ರಿಕೋನ ಬರೆಯುತ್ತಾ ಕೂತರೆ ಅದು ಕೆಲಸ ಅಂತ ಯಾರಿಗೂ ಅನಿಸುವುದಿಲ್ಲ. ಕರೆದವರದ್ದೂ ತಪ್ಪಲ್ಲ.

ಅದಕ್ಕೇ ಎರಡನೇ ಸಲ ನಾನು ಒಂದು ಉಪಾಯ ಮಾಡಿದೆ. ಕುರಿ ಈದರೆ ಮೊದಲ ಹಾಲು, ಹೊಲದ ಮೊದಲ ರಾಗಿ, ಹೀಗೆ ಮನೆದೇವರು ಬೀರಪ್ಪನ ಹೆಸರಿಗೆ ಮೀಸಲು ಅಂತ ಎತ್ತಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅದರ ಕಡೆ ಬೆರಳೂ ತೋರಿಸುವುದಿಲ್ಲ. ಮಹಾನವಮಿಯ ದಿನ ಲೆಕ್ಕದ ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಅರಿಶಿನದ ದಾರ ಸುತ್ತಿ, ದೇವರ ಮಾಡದಲ್ಲಿಟ್ಟು ಅಜ್ಜಿಗೆ ಹೇಳಿದೆ. "ಅತ್ತೆ, ಪಾಸಾಗೋವರೆಗೂ ಇದು ಬೀರಪ್ಪನ ಮೀಸಲು. ದಿನಾ ಸಂಜೆ ಒಂದೂವರೆ ತಾಸು ಇದರ ಸೇವೆ ಮಾಡ್ತೀನಿ ಅಂತ ಹರಕೆ ಹೊತ್ತೀನಿ" ಅಂದೆ. ನೀನು ಫೋನಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಿದ್ದೆ.

ನಗುವಂಥದ್ದೇ. ಆದರೆ ಅವತ್ತಿನಿಂದ ಮನೆ ಬದಲಾಗಿಹೋಯಿತು. ಸಂಜೆಯಾದರೆ ಅಜ್ಜಿಯೇ ಕೂಗುತ್ತಿದ್ದಳು, "ಲೇ ಸುಮಾ, ಗಂಟು ಬಿಚ್ಚೋ ಹೊತ್ತಾತು, ಕಾಲು ತೊಳ್ಕಂಡು ಬಾ" ಅಂತ. ಊದುಬತ್ತಿ ಹಚ್ಚಿ ವರ್ಗ ಸಮೀಕರಣಕ್ಕೆ ಬೆಳಗುತ್ತಿದ್ದಳು. ಯಾರಾದರೂ ಬಾಗಿಲಿಗೆ ಬಂದರೆ, "ದೇವರ ಲೆಕ್ಕ ನಡೀತೈತೆ, ಆಮ್ಯಾಲೆ ಬರ್ರಿ" ಅಂತ ಕಳಿಸುತ್ತಿದ್ದಳು. ಮಂಡಿನೋವಿನ ಮುದುಕಿ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಹಿರಿಯೂರು ಕಡೆ ಹೊಲಗಳಲ್ಲಿ ಕುರಿಮಂದೆ ಹಾಕಲು ಹೋಗಿದ್ದ ನಿಮ್ಮಪ್ಪ ಊರಿಗೆ ಬಂದಾಗ ತಾವೇ ನೀರು ಹೊತ್ತರು. ನಾನು ಈ ಮನೆಗೆ ಬಂದ ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ಮೀಸಲಿಗೆ ಕಟ್ಟುಪಾಡೂ ಇರುತ್ತದೆ. ತಿಂಗಳ ಆ ದಿನಗಳಲ್ಲಿ ಗಂಟು ಮುಟ್ಟುವ ಹಾಗಿಲ್ಲ, ಸೂತಕ ಬಂದರೆ ಮುಟ್ಟುವ ಹಾಗಿಲ್ಲ ಅಂತ ಅಜ್ಜಿ ಮೊದಲೇ ಹೇಳಿದ್ದಳು. ನಾನು ಒಪ್ಪಿಕೊಂಡಿದ್ದೆ. ದಿನಾ ಒಂದೂವರೆ ತಾಸು ಸಿಗುವಾಗ ಅದೇನು ದೊಡ್ಡದು ಅನಿಸಿತ್ತು.

ಈಗ ನೀನು ಬೈಯುವಂಥದ್ದೊಂದು ಹೇಳುತ್ತೇನೆ. ರುಬ್ಬುಗುಂಡಿನ ಮೇಲಿನ ಗೋಡೆಗೆ ನೀನು ಅಂಟಿಸಿ ಹೋದ ಕಾಗದದಲ್ಲಿ ದಿನಾ ಓದಿದ್ದಕ್ಕೆ ರೈಟು ಮಾರ್ಕು ಹಾಕುತ್ತಿದ್ದೆನಲ್ಲ, ಸಂಕ್ರಾಂತಿವರೆಗಿನ ಮಾರ್ಕು ಎಲ್ಲ ನಿಜ. ಆಮೇಲಿನವು ಅರ್ಧಕ್ಕರ್ಧ ಸುಳ್ಳು. ಮೊದಮೊದಲು ಹುರುಪಿತ್ತು, ಒಂದು ಲೆಕ್ಕ ಬಂದರೆ ಅಂಗನವಾಡಿಯ ಮಕ್ಕಳ ಜೊತೆ ನಾನೂ ಕುಣಿಯುತ್ತಿದ್ದೆ. ಜನವರಿಯಲ್ಲಿ ನಮ್ಮ ಅಂಗನವಾಡಿಯ ಕೊಟ್ರಮ್ಮ ಟೀಚರು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಬರೆಸಿದರು. ಇಪ್ಪತ್ತೊಂದು ಬಂತು. ಮೂರು ತಿಂಗಳ ಸೇವೆಗೆ ಎರಡೇ ಎರಡು ಅಂಕ ಜಾಸ್ತಿ. "ಜೂನಿಗೆ ನಾನು ರಿಟೈರಾಗ್ತೀನಿ ಕಣೇ, ಅಷ್ಟರಲ್ಲಿ ನೀನು ಪಾಸಾದ್ರೆ ನನ್ನ ಜಾಗ ನಿಂಗೆ ಕೇಳ್ಬೋದು, ಇಲ್ಲಾಂದ್ರೆ ಬೇರೆಯವ್ರು ಬರ್ತಾರೆ" ಅಂತ ಟೀಚರು ಅಂದರು. ಹದಿನಾಲ್ಕು ವರ್ಷದಿಂದ ಆ ಕೋಣೆ ಗುಡಿಸಿದವಳು ನಾನು, ನಾಳೆ ಬರುವ ಹೊಸ ಟೀಚರಿಗೂ ನಾನೇ ಕುರ್ಚಿ ಒರೆಸಿ ಕೊಡಬೇಕು.

ಆವತ್ತಿನಿಂದ ಗಂಟು ಬಿಚ್ಚಿ ಕೂರುತ್ತಿದ್ದೆ ಅಷ್ಟೆ. ಪುಸ್ತಕ ತೊಡೆಯ ಮೇಲೆ ಇರುತ್ತಿತ್ತು, ನಾನು ಗೋಡೆ ನೋಡುತ್ತಿದ್ದೆ. ಅಡುಗೆಮನೆಯಿಂದ ಅಜ್ಜಿ ಮಂಡಿ ಹಿಡಿದುಕೊಂಡು ನರಳುವುದು ಕೇಳಿಸುತ್ತಿತ್ತು. ಎದ್ದು ಹೋಗಿ ನಾನೇ ಮುದ್ದೆ ತಿರುವುತ್ತೇನೆ ಅನ್ನೋಣವೆಂದರೆ ಓದುತ್ತಿಲ್ಲ ಅಂತ ಗೊತ್ತಾಗುತ್ತದೆ. ಒಂದೂವರೆ ತಾಸು ಮುಗಿದ ಮೇಲೆ ಗಂಟು ಕಟ್ಟಿ ರೈಟು ಮಾರ್ಕು ಹಾಕುತ್ತಿದ್ದೆ. ಅಜ್ಜಿ ಬಿಸಿ ಮುದ್ದೆ ತಟ್ಟೆಗೆ ಹಾಕಿ, "ಉಣ್ಣವ್ವ, ತಲೆ ಬಿಸಿ ಆಗಿರ್ತೈತೆ" ಅನ್ನುತ್ತಿದ್ದಳು. ನಾನು ತಲೆ ಎತ್ತದೆ ಉಣ್ಣುತ್ತಿದ್ದೆ ರಂಜಿ.

ಸುಮ್ಮನೆ ಕೂರುವುದೂ ಒಂದು ಅಭ್ಯಾಸವಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾಳೆಯಿಂದ ಓದುತ್ತೇನೆ ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನೀನು ಕಾಗದದಲ್ಲಿ ಧೈರ್ಯ ಹೇಳಿ ಬರೆದ ದಿನ ಮಾತ್ರ ಎರಡು ಲೆಕ್ಕ ಬಿಡಿಸುತ್ತಿದ್ದೆ. ಮಾರನೇ ದಿನ ಮತ್ತೆ ಗೋಡೆ.

ಹಾಗಿರುವಾಗ ಲೆಕ್ಕದ ಪರೀಕ್ಷೆಗೆ ಒಂಬತ್ತು ದಿನ ಇದೆ ಅನ್ನುವಾಗ ಬಾಗೂರಿನ ಜುಂಜಣ್ಣ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ನೀನು ಒಂದೇ ಸಲ ಯಾರದೋ ಮದುವೆಯಲ್ಲಿ ಅವರನ್ನು ನೋಡಿದ್ದೀಯ. ನಿಮ್ಮಪ್ಪ ಮಂದೆಯನ್ನು ಜೊತೆಯವರಿಗೆ ಒಪ್ಪಿಸಿ ಹಿರಿಯೂರು ಕಡೆಯಿಂದಲೇ ಮಣ್ಣಿಗೆ ಹೋದರು. ದಾಯಾದಿ ಮನೆಯ ಸಾವು, ನಮಗೂ ಸೂತಕ. ಗಂಟು ಮಾಡದಲ್ಲೇ ಉಳಿಯಿತು. ಹನ್ನೊಂದನೇ ದಿನ ಬರುವುದರೊಳಗೆ ಪರೀಕ್ಷೆ ಆಗಿಹೋಗಿತ್ತು. ಪರೀಕ್ಷೆಯ ದಿನ ಬೆಳಗ್ಗೆ ನಾನು ಹಾಲ್‌ಟಿಕೆಟ್ ಪೆಟ್ಟಿಗೆಯಲ್ಲಿಟ್ಟು ಅಂಗನವಾಡಿಗೆ ಹೋಗಿ ಉಪ್ಪಿಟ್ಟು ಮಾಡಿದೆ. ಉಪ್ಪು ಹಾಕಲು ಮರೆತಿದ್ದೆ, ಮಕ್ಕಳು ತಿನ್ನಲಿಲ್ಲ.

ಆ ಭಾನುವಾರ ಫೋನಿನಲ್ಲಿ ಪರೀಕ್ಷೆ ಹೇಗಾಯಿತು ಅಂತ ನೀನು ಕೇಳಿದೆ, ನಾನು ಹೇಳಿದೆ. "ನಿಮ್ಮಜ್ಜಿ ಸೂತಕ ಅಂದ್ಳು, ಪುಸ್ತಕ ಮುಟ್ಟಂಗಿರಲಿಲ್ಲ, ಓದ್ದೆ ಹೋಗಿ ಏನ್ ಬರೀಲಿ" ಅಂತ. ನೀನು ಕೆರಳಿದೆ. ದೇವರಿಗಿಂತ ನಿಂದೇ ಜಾಸ್ತಿಯಾಯಿತು, ಮನೆ ಹಾಳು ಮಾಡುವ ಮೂಢನಂಬಿಕೆ, ಅವ್ವನ ಬಾಳು ನಿನ್ನ ಕೈಯಲ್ಲಿ ಹೋಯಿತು ಅಂತ ಅಜ್ಜಿಗೆ ಸ್ಪೀಕರಿನಲ್ಲೇ ಅಂದೆ. ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ಅಜ್ಜಿ ನನ್ನ ಕಡೆ ಒಂದು ಸಲ ನೋಡಿ, "ಹೂಂ ಕಣವ್ವ, ನಂದೇ ತಪ್ಪು, ಹಳೇ ಕಾಲದೋಳು, ತಿಳೀಲಿಲ್ಲ" ಅಂತ ಒಪ್ಪಿಕೊಂಡಳು. ನೀನೂ ಕೇಳಿದ್ದೀಯ.

ಬೇರೆ ಯಾರದಾದರೂ ಪುಸ್ತಕ ಇಸಿದುಕೊಂಡು ಓದಬಹುದಿತ್ತಲ್ಲ, ಅಂಗನವಾಡಿಯಲ್ಲಿ ಕೂತು ಓದಬಹುದಿತ್ತಲ್ಲ ಅಂತ ನೀನು ಕಾಗದದಲ್ಲಿ ಕೇಳಿದ್ದೀಯ. ಅದಕ್ಕೆ ಇಲ್ಲಿ ನಾಲ್ಕು ಸಾಲು ಬರೆದು ಹೊಡೆದುಹಾಕಿದ್ದೇನೆ, ನೋಡಿದರೆ ಕಾಣುತ್ತದೆ. ಅದನ್ನು ಓದಲು ಹೋಗಬೇಡ.

ಸೂತಕ ಕಳೆದು ಇಷ್ಟು ದಿನವಾದರೂ ಗಂಟು ಬಿಚ್ಚಿಲ್ಲ. ಸಂಜೆಯಾದರೆ ಅಜ್ಜಿ ಕೂಗುವುದಿಲ್ಲ, ಮುದ್ದೆ ಮಾತ್ರ ತಾನೇ ತಿರುವುತ್ತಾಳೆ. ನಾನು ಕೈ ಹಾಕಿದರೆ ಸರಿಸುತ್ತಾಳೆ. ನಿನಗೆ ನಾನು ಹೆದರುವುದಿಲ್ಲ, ಸರ್ಕಾರದ ಪರೀಕ್ಷೆಗೂ ಈಗ ಅಷ್ಟು ಹೆದರಿಕೆಯಿಲ್ಲ. ಆ ಒಲೆಯ ಮುಂದೆ ಹೋಗಲು ಹೆದರಿಕೆ.

ಹೀಗೆ ಮಾಡೋಣ. ಈ ಕಾಗದ ಅಂಟಿಸದೆ ಇಟ್ಟುಕೊಳ್ಳುತ್ತೇನೆ. ಶನಿವಾರ ಹೊಳಲ್ಕೆರೆಗೆ ಹೋಗಿ ಫಾರಂ ಕೊಟ್ಟರೆ ಅಲ್ಲಿಯ ಪೋಸ್ಟಿಗೇ ಹಾಕುತ್ತೇನೆ. ಹೋಗಲಾಗದಿದ್ದರೆ ನಮ್ಮೂರಿನ ಡಬ್ಬಿಗೆ ಹಾಕುತ್ತೇನೆ. ಕವರಿನ ಮೇಲಿನ ಮೊಹರು ನೋಡಿಕೋ, ನಿನ್ನ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ. ಬಿ.ದುರ್ಗ ಅಂತ ಇದ್ದರೆ ಮತ್ತೆ ಫೋನಿನಲ್ಲಿ ಯಾಕೆ ಅಂತ ಕೇಳಬೇಡ.

ಹಾಸ್ಟೆಲಿನ ಊಟ ಸೇರದಿದ್ದರೂ ಮೊಸರನ್ನಾದರೂ ಉಣ್ಣು. ನೈಟ್ ಡ್ಯೂಟಿ ಇದ್ದ ಮಾರನೇ ದಿನ ಮಲಗು, ಸಿನಿಮಾ ನೋಡುತ್ತಾ ಕೂರಬೇಡ.

ನಿನ್ನ ಹಟದಲ್ಲಿ ಅರ್ಧದಷ್ಟೂ ಇಲ್ಲದ,
ನಿನ್ನ ಅವ್ವ
ಸುಮಾ

ಮರೆತದ್ದಲ್ಲ, ಬಿಟ್ಟದ್ದು: ಶನಿವಾರ, ಮಧ್ಯಾಹ್ನ. ಇದನ್ನು ಹೊಳಲ್ಕೆರೆ ಪೋಸ್ಟಾಫೀಸಿನಲ್ಲಿ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಫಾರಂ ಕೊಟ್ಟಾಯಿತು. ಅಜ್ಜಿಯೂ ಬಂದಿದ್ದಾಳೆ. ಬೆಳಗ್ಗೆ ನಾನು ಬಸ್ಸಿಗೆ ಹೊರಟರೆ, "ಒಬ್ಬಳೇ ಹೋದ್ರೆ ಸ್ಟ್ಯಾಂಡಿಂದ ತಿರುಗಿ ಬರ್ತೀಯ, ನಡಿ ಹೋಗಾಣ" ಅಂತ ಚಪ್ಪಲಿ ಮೆಟ್ಟಿಕೊಂಡಳು. ಮಂಡಿ ಹಿಡಿದುಕೊಂಡೇ ಶಾಲೆಯ ಮೆಟ್ಟಿಲು ಹತ್ತಿದಳು. ಈಗ ಪಕ್ಕದ ಬೆಂಚಿನಲ್ಲಿ ಕೂತು, "ಇನ್ನೂ ಎಷ್ಟ್ ಬರೀತೀಯೇ" ಅನ್ನುತ್ತಿದ್ದಾಳೆ. ವಿಳಾಸ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾಳೆ.

ಹೊಡೆದುಹಾಕಿದ ನಾಲ್ಕು ಸಾಲು ಇವು. ಜುಂಜಣ್ಣ ದೊಡ್ಡಪ್ಪ ನಮಗೆ ದೂರದ ದಾಯಾದಿ, ಸೂತಕ ಮೂರೇ ದಿನ. ಮೂರನೇ ದಿನ ಅಜ್ಜಿ ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಗಂಟನ್ನು ತಾನೇ ಇಳಿಸಿ ತಂದು ನನ್ನ ಮುಂದಿಟ್ಟಳು. "ಕಳೀತು, ಓದ್ಕಳವ್ವ, ಇನ್ನೂ ಆರು ದಿನ ಐತೆ" ಅಂದಳು. ನಾನೇ ಕೈ ಹಿಂದಕ್ಕೆ ತೆಗೆದುಕೊಂಡು, "ಬ್ಯಾಡತ್ತೆ, ಮೀಸಲು ಅಂದಮ್ಯಾಲೆ ಹನ್ನೊಂದು ದಿನ ಆಗ್ಲಿ" ಅಂದೆ. ಅವಳು ನನ್ನ ಮುಖ ನೋಡಿ, ಗಂಟನ್ನು ತಿರುಗಿ ಮಾಡದಲ್ಲಿಟ್ಟಳು. ಫೋನಿನಲ್ಲಿ ನಿನ್ನ ಬೈಗುಳಕ್ಕೆ ಅವಳು ಹೂಂ ಅಂದದ್ದೂ ನನ್ನ ಆ ಮುಖ ನೋಡಿಯೇ.

ನಾಳೆ ನೀನು ಫೋನ್ ಮಾಡುವ ಹೊತ್ತಿಗೆ ಇದು ತಲುಪಿರುವುದಿಲ್ಲ, ನಾಳೆಯೂ ಅವಳು ಸೆರಗು ಸರಿಮಾಡಿಕೊಂಡು ಬಂದು ಕೂರುತ್ತಾಳೆ. ಕಾಗದ ಸಿಕ್ಕಿದ ದಿನ, ಭಾನುವಾರಕ್ಕೆ ಕಾಯದೆ ಫೋನ್ ಮಾಡು. ನಾನು ಎತ್ತಿದರೆ ಅಜ್ಜಿಗೆ ಕೊಡು ಅನ್ನು. ನನ್ನ ಜೊತೆ ಆಮೇಲೆ ಯಾವಾಗಲಾದರೂ ಮಾತಾಡು.