ಕಾಂತಕ್ಷೇತ್ರ ಆರಿದ್ದು ನಿಜ

ಸೋಮವಾರ, ಮಾರ್ಚ್ ೪

ಪ್ರೀತಿಯ ಅಕ್ಕಾ,

ನಿನ್ನನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದ್ದು ಅನ್ಯಾಯ. ಇದನ್ನು ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ; ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ. ಕ್ಷಮಿಸು. ಅಮ್ಮನ ಮಂಡಿನೋವು ಈಗ ಕಡಿಮೆ. ಊಟದ ತಟ್ಟೆಯ ಪಕ್ಕದಲ್ಲೂ ನಾನು ಕಾರ್ಮಿಕ ಸಂಘದ ಕರಪತ್ರ ಹರಡಿಕೊಂಡರೆ, "ಲೋಕ ಆಮೇಲೆ ಉದ್ಧಾರ ಮಾಡುವಿಯಂತೆ, ಮೊದಲು ಕೈ ತೊಳ್ಕೋ" ಎನ್ನುತ್ತಾಳೆ.

ಆ ಪುಟ್ಟ ಗ್ರಹ ನೆನಪಿದೆಯಲ್ಲ? ಅದರ ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ಸುತ್ತಿ ಸುತ್ತಿ ತಾನೇ ಕಾಂತಕ್ಷೇತ್ರ ಹುಟ್ಟಿಸಬಲ್ಲದೇ ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನಮ್ಮಿಬ್ಬರ ಕೆಲಸವಾಗಿತ್ತು. ಚಿಟಿಕೆಯಷ್ಟು ಕಾಂತತೆ ಹಾಕಿ ಶುರು ಮಾಡಬೇಕು. ಬೆಳೆದು ನಿಂತರೆ ಗ್ರಹವೇ ಹುಟ್ಟಿಸಿತು ಎಂದರ್ಥ, ಆರಿದರೆ ಇಲ್ಲ. ನಿನ್ನದು ಆರಿತು, ನನ್ನದು ಆರದೆ ನಿಂತಿತು. ಮುಖ್ಯಸ್ಥರು ನಿನ್ನ ಲೆಕ್ಕ ತಪ್ಪೆಂದು, ನನ್ನದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ನಿನ್ನ ಕುರ್ಚಿ ನನಗೆ ಕೊಟ್ಟರು.

ಹೋದ ತಿಂಗಳು ಹೊಸ ಯಂತ್ರಕ್ಕೆ ಫೈಲುಗಳನ್ನು ಸಾಗಿಸುವಾಗ ನನ್ನ ಲೆಕ್ಕದ ದಾಖಲೆಯ ಮೊದಲ ಸಾಲು ಕಣ್ಣಿಗೆ ಬಿತ್ತು. ಅದು ಚಿಟಿಕೆಯಿಂದ ಶುರುವಾಗಿರಲೇ ಇಲ್ಲ. ಬೇರೊಂದು ಗ್ರಹದ ಹಳೆಯ ಲೆಕ್ಕ ಮುಗಿದಲ್ಲಿ ಉಳಿಸಿಟ್ಟಿದ್ದ, ಬಲಿತ ಕ್ಷೇತ್ರದಿಂದ ಶುರುವಾಗಿತ್ತು. ನಮ್ಮ ಗ್ರಹ ಏನನ್ನೂ ಹುಟ್ಟಿಸಿರಲಿಲ್ಲ. ಎರವಲು ತಂದದ್ದು ನಿಧಾನವಾಗಿ ಸಾಯುತ್ತಿತ್ತು. ಪೂರ್ತಿ ಸಾಯುವ ಮುಂಚೆಯೇ ನಾವು ನಿಲ್ಲಿಸಿ ಚಪ್ಪಾಳೆ ತಟ್ಟಿದ್ದೆವು. ಈಗ ಅಲ್ಲಿಂದ ಮುಂದಕ್ಕೆ ಓಡಿಸಿದೆ. ಒಂಬತ್ತನೆಯ ದಿನ ಆರಿತು, ಥೇಟ್ ನಿನ್ನದರ ಹಾಗೆ.

ಮುಖ್ಯಸ್ಥರಿಗೆ ತೋರಿಸಿದೆ. ಕನ್ನಡಕ ಒರೆಸುತ್ತ, ಅಚ್ಚಾದದ್ದು ಅಚ್ಚಾಯಿತಲ್ಲಮ್ಮ ಎಂದರು. ನಿಮ್ಮಕ್ಕ ಶಾಲೆಯಲ್ಲಿ ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದಾಳಂತೆ, ಕೆದಕುವುದೇಕೆ ಎಂದರು. ದುಡಿದವರ ಬಾಯಿ ಮುಚ್ಚಿಸುವವರ ಬಗ್ಗೆ ಎಷ್ಟೊಂದು ಕರಪತ್ರ ಓದಿದ್ದೇನೆ. ಒಂದರಲ್ಲೂ ಅವರು ಇಷ್ಟು ಮೆತ್ತಗೆ ಮಾತಾಡುವುದಿಲ್ಲ. "ಅವಳ ಲೆಕ್ಕ ಸರಿ ಇತ್ತು ಅಂತ ಗುರುವಾರದ ಸಭೆಯಲ್ಲೇ ಹೇಳ್ತೀನಿ ಸರ್" ಎಂದು ಎದ್ದು ಬಂದೆ.

ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ನನ್ನ ನಮಸ್ಕಾರ.

ನಿನ್ನ ತಂಗಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಂದು ಎಲ್ಲರೆದುರು ನೀನು ಕೇಳಿದ್ದು ಒಂದೇ: "ಎಲ್ಲಿಂದ ಶುರು ಮಾಡಿದ್ದೆ, ಪುಟ್ಟಿ?" ದಾಖಲೆ ತೆರೆದೂ ನೋಡದೆ ನಾನು "ಚಿಟಿಕೆಯಿಂದಲೇ" ಅಂದೆ. ನೀನು ಮತ್ತೆ ಕೇಳಲಿಲ್ಲ, ನಂಬಿಬಿಟ್ಟೆ. ಆ ಮೊದಲ ಸಾಲಿನಲ್ಲಿ ಹಳೆಯ ಫೈಲಿನ ಹೆಸರನ್ನು ಬದಲಿಸದೆ ಬಿಟ್ಟವಳು ನಾನು, ಮುಖ್ಯಸ್ಥರಲ್ಲ. ಇದನ್ನೂ ಸಭೆಯಲ್ಲಿ ಹೇಳುತ್ತೇನೆ. ನಿನ್ನ ಮುಖ ನೋಡಿಕೊಂಡೇ ಹೇಳಬೇಕು. ಪ್ರಯೋಗಾಲಯದ ಗೇಟಿನಲ್ಲಿ ಕಾಯುತ್ತಿರುತ್ತೇನೆ, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ.