ಪಾತಾಳದ ಹೊಳೆಗೆ ನೀರು

ಭಾಲ್ಕಿ,
ಏಪ್ರಿಲ್ ೨೦೧೬

ಚಿ. ನೀಲಾಂಬಿಕೆಗೆ ಅಜ್ಜನ ಆಶೀರ್ವಾದಗಳು.

ಮೆಕ್ಸಿಕೋದ ಪ್ರಾಚೀನ ಅಜ್ಟೆಕ್ ಜನರ ಪಾತಾಳ ದೇವತೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೀನು ಹೈದರಾಬಾದಿನಿಂದ ಕಳುಹಿಸಿದ ಚಿತ್ರಗಳು ತಲುಪಿದವು. ಎಲುಬಿನ ದೇವಿಯ ಬೆರಳುಗಳು ನಿರ್ದೋಷವಾಗಿವೆ; ನೇರಳೆ ಬಣ್ಣ ಅತಿಯಾಯಿತು.

ಸತ್ತವರನ್ನು ನಾಯಿಯೊಂದು ದಾಟಿಸುವ ಹೊಳೆಯನ್ನು ಮಾತ್ರ ನೀನು ಈ ಬರಗಾಲದ ಮಾಂಜ್ರಾ ನದಿಯಂತೆ ಬತ್ತಿಸಿರುವೆ. ಇನ್ನು ಮನೆಯಲ್ಲಿಯೇ ಇರಲಿ ಎಂದು ವೈದ್ಯರು ಬೀದರಿನಿಂದ ಕಳುಹಿಸಿಕೊಟ್ಟ ನಿನ್ನ ಅಜ್ಜಿ ಅದನ್ನು ನೋಡಿ ನಕ್ಕಳು: “ಅಲ್ಲಿಗಿ ಹೋದ್ರೂ ನನಗ ಕೊಡ ಹೊರೂದು ತಪ್ಪಂಗಿಲ್ಲ ನೋಡ್ರಿ!”

ಆದ್ದರಿಂದ ಹೊಳೆಗೆ ದಂಡೆ ಮುಟ್ಟುವಷ್ಟು ನೀರು ತುಂಬಿಸು. ತಿದ್ದಿದ ಚಿತ್ರವನ್ನು ಅಂಚೆಗೆ ಹಾಕದೆ ನೀನೇ ತೆಗೆದುಕೊಂಡು ಬಾ, ತಡಮಾಡಬೇಡ. ನಾಯಿ ಇದ್ದಂತೆಯೇ ಇರಲಿ. ಅವಳು ಅದಕ್ಕೆ ಆಗಲೇ ಹೆಸರಿಟ್ಟಿದ್ದಾಳೆ.

ನಿನ್ನ ದಾರಿ ನೋಡುವ ಅಜ್ಜ,
ಹಾವಗೆಪ್ಪ