ಪೆನ್ಸಿಲಿನ ಒಂದು ಸಾಲು

ಗ್ರಂಥಾಲಯದ ಮೇಲ್ವಿಚಾರಕರಿಗೆ,

ಶನಿವಾರದ ಓದುಗರ ಕೂಟದ ಸಂಚಾಲಕಿಯ ನಮಸ್ಕಾರ.

ರಾಜರ ಕಾಲದ ಸೂಲಗಿತ್ತಿಯ ಕಾದಂಬರಿಯಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದಾರೆ, ಬಂದು ಅಳಿಸಿ ಎಂದು ಚೀಟಿ ಕಳಿಸಿದ್ದೀರಿ. ಯಾರೋ ಅಲ್ಲ ಸ್ವಾಮಿ. ಕೈ ನನ್ನದು, ಒಪ್ಪಿಗೆ ಇಡೀ ಕೂಟದ್ದು.

ಪುಸ್ತಕ ಎಲ್ಲರಿಗೂ ಹಿಡಿಸಿತು. ಸೂಲಗಿತ್ತಿ ತುಂಬಿದ ಹೊಳೆ ದಾಟಿ ಅರಮನೆಗೆ ಓಡುವಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ರಾಜಕುಮಾರ ಹುಟ್ಟಿದ, ನಗಾರಿ ಬಾರಿಸಿದರು, ಸೂಲಗಿತ್ತಿಗೆ ಚಿನ್ನದ ಬಳೆ ತೊಡಿಸಿದರು, ಅಧ್ಯಾಯ ಮುಗಿಯಿತು. ಆಗ ನಮ್ಮ ಟೈಲರಕ್ಕ ಕನ್ನಡಕ ತೆಗೆದು, "ಅಲ್ಲಾ, ಹೆತ್ತವಳು ಎಲ್ಲಿ ಹೋದ್ಲು?" ಅಂದರು.

"ಕಥೆ ಸೂಲಗಿತ್ತೀದು ಅಕ್ಕ, ರಾಣೀದಲ್ಲ," ಅಂದರು ಅಂಚೆ ಕಚೇರಿಯ ಮೇಡಂ.

"ಯಾರದಾದ್ರೂ ಆಗ್ಲಿ. ಅಷ್ಟು ನೋವು ತಿಂದವಳನ್ನ ಒಂದು ಮಾತು ಕೇಳಬಾರ್ದಾ? ನನ್ನನ್ನೂ ಯಾರೂ ಕೇಳ್ಲಿಲ್ಲ. ಎಲ್ಲಾ ತೊಟ್ಟಿಲ ಕಡೆ ಓಡಿದ್ರು."

ಮೇಡಂ ಪರ್ಸಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗಿತ್ತರು. ಅಧ್ಯಾಯದ ಕೊನೆಯಲ್ಲಿ ನಾನು ಬರೆದೆ: 'ಸೂಲಗಿತ್ತಿ ರಾಣಿಯ ಬಳಿ ಬಂದು, ಹಸಿವಾಗಿದೆಯೇ ತಾಯಿ ಎಂದು ಕೇಳಿದಳು.'

ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂದು ನಮಗೂ ಗೊತ್ತು. ಬೇರೆಲ್ಲೂ ಒಂದು ಚುಕ್ಕೆ ಇಟ್ಟಿಲ್ಲ, ಬೇಕಾದರೆ ನೋಡಿಕೊಳ್ಳಿ.

ಹೋದ ವಾರ ನಿಮ್ಮ ಮನೆಯಲ್ಲೂ ಮಗು ಹುಟ್ಟಿತೆಂದು ಕೇಳಿ ಸಂತೋಷವಾಯಿತು. ಪುಸ್ತಕ ಹೇಗೂ ನಿಮ್ಮ ಮೇಜಿನ ಮೇಲೇ ಇದೆ. ಇವತ್ತು ಮನೆಗೆ ಒಯ್ದು ಆ ಪುಟವನ್ನು ನಿಮ್ಮಾಕೆಗೆ ಓದಿ ಹೇಳಿ. ಅವರು ಅಳಿಸಿ ಅಂದರೆ, ರಬ್ಬರ್ ನಾನೇ ತರುತ್ತೇನೆ.

ಇತಿ,
ಕೂಟದ ಸಂಚಾಲಕಿ